ಸರ್ವರ್‌ಗಳೂ ಅವುಗಳ ಸೀಮೆಗಳೂ

ಸರ್ವರ್ ಎಂದರೆ ಹಗಲಿರುಳೆನ್ನದೆ, ಎಡೆಬಿಡದೆ ಲೆಕ್ಕ ಮಾಡುತ್ತಿರುವ ಮಹಾಪರಿಶ್ರಮಿಯಾದ ಯಂತ್ರವೆಂಬುದು ಜನಸಾಮಾನ್ಯರಲ್ಲಿ ಬೇರೂರಿರುವ ಭಾವನೆ. ವಸ್ತುಸ್ಥಿತಿ ಬೇರೆಯೇ ಆಗಿದೆ. ರೈಲಿನ ಟಿಕೆಟ್ಟನ್ನೋ ಬ್ಯಾಂಕಿನ ಶಿಲ್ಕನ್ನೋ ಪರೀಕ್ಷೆಯ ಫಲಿತಾಂಶವನ್ನೋ ಕೇಳಿಕೊಂಡು ಬಂದ ಒಂದು ಕೋರಿಕೆಯನ್ನು ಪೂರೈಸುವಾಗ ಸರ್ವರ್ ಪ್ರೋಗ್ರಾಮು ತಾನಾಗಿ ಮಾಡುವ ಗಣನೆ ಅತ್ಯಲ್ಪ. ಡೇಟಾಬೇಸಿಗೆ ಪ್ರಶ್ನೆಯನ್ನು ಕಳುಹಿಸಿ ಉತ್ತರಕ್ಕಾಗಿ ಕಾಯುವುದು, ಡಿಸ್ಕಿನಿಂದ ಕಡತವು ಬರಲೆಂದು ಕಾಯುವುದು, ನಿಧಾನವಾದ ಮೊಬೈಲ್ ಸಂಪರ್ಕದ ಆಚೆಯಲ್ಲಿರುವ ಗಿರಾಕಿಯ ಮಾತು ಪೂರ್ತಿಯಾಗಲೆಂದು ಕಾಯುವುದು, ಇವುಗಳಲ್ಲಿಯೇ ಅದರ ಕಾಲದ ಬಹುಭಾಗವು ಕಳೆದುಹೋಗುತ್ತದೆ. ಪ್ರೊಸೆಸರು ತನ್ನದೇ ಯಂತ್ರದ ಮೆಮೊರಿಯಿಂದ ಒಂದು ಅಂಕಿಯನ್ನು ತರಿಸಿಕೊಳ್ಳಲು ಸುಮಾರು 100 ನ್ಯಾನೊಸೆಕೆಂಡು ಸಾಕು. ಅದೇ ಡೇಟಾ ಸೆಂಟರಿನಲ್ಲಿರುವ ನೆರೆಯ ಯಂತ್ರಕ್ಕೆ ಹೋಗಿ ಬರುವುದಕ್ಕೆ ಸುಮಾರು ಅರ್ಧ ಮಿಲಿಸೆಕೆಂಡು, ಎಂದರೆ ಅದರ 5,000 ಪಟ್ಟು ಕಾಲ ಬೇಕು. ಸರ್ವರ್ ನಿರ್ಮಾಣದ ಶಾಸ್ತ್ರದಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಡೆದ ವಿಚಾರವೆಲ್ಲವೂ ಈ ಅಗಾಧವಾದ ಅಂತರದ ಸುತ್ತಲೇ ಬೆಳೆದುದೆಂದು ಹೇಳಿದರೆ ತಪ್ಪಾಗಲಾರದು.

ಬಹುಕಾಲ ನಡೆದುಬಂದ ಪದ್ಧತಿಯೆಂದರೆ, ಬಂದ ಪ್ರತಿಯೊಬ್ಬ ಗಿರಾಕಿಗೂ ಒಂದೊಂದು ಥ್ರೆಡ್ಡನ್ನು, ಅಂದರೆ ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ನಡೆಯಬಲ್ಲ ಒಂದು ಕಾರ್ಯಸೂತ್ರವನ್ನು, ಮೀಸಲಾಗಿಡುವುದು. ಇದು ಬರೆಯಲು ಸುಲಭ, ಓದಲು ಸುಲಭ. ಆದರೆ ಕಾಯುತ್ತ ಕುಳಿತ ಥ್ರೆಡ್ಡೂ ಸ್ಥಳವನ್ನು ಆಕ್ರಮಿಸುತ್ತದೆ. 64 ಬಿಟ್ಟಿನ ಲಿನಕ್ಸಿನ ಮೇಲೆ ನಡೆಯುವ ಜಾವಾದಲ್ಲಿ ಒಂದೊಂದು ಥ್ರೆಡ್ಡಿನ ಸ್ಟ್ಯಾಕಿಗೆ, ಅಂದರೆ ಅದರ ಕೆಲಸದ ನಡುವಣ ಲೆಕ್ಕಗಳನ್ನಿಡುವ ಮೆಮೊರಿಗೆ, ವಾಡಿಕೆಯಂತೆ 1 ಮೆಗಾಬೈಟನ್ನು ಕಾದಿಡುವುದುಂಟಾದುದರಿಂದ, ಹತ್ತು ಸಾವಿರ ಮಂದಿ ಏಕಕಾಲದಲ್ಲಿ ಬಂದರೆ ಸ್ಟ್ಯಾಕುಗಳ ಹೆಸರಿನಲ್ಲಿಯೇ 10 ಗಿಗಾಬೈಟಿನ ಅವಕಾಶವನ್ನು ಮೀಸಲಿಡಬೇಕಾಗುತ್ತದೆ. ಅದಲ್ಲದೆ ಒಂದು ಥ್ರೆಡ್ಡನ್ನು ಬಿಟ್ಟು ಮತ್ತೊಂದನ್ನು ಹಿಡಿಯುವಾಗಲೆಲ್ಲ ಆಪರೇಟಿಂಗ್ ಸಿಸ್ಟಮಿಗೆ ತಗಲುವ ಶ್ರಮ ಬೇರೆ. 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಅಮೆರಿಕದ ತಂತ್ರಜ್ಞರು, ಯಂತ್ರಗಳು ಇಷ್ಟೊಂದು ಬಲಿಷ್ಠವಾಗಿರುವಾಗ ಒಂದೇ ಸರ್ವರು ಹತ್ತು ಸಾವಿರ ಗಿರಾಕಿಗಳನ್ನು ಏಕೆ ಸುಧಾರಿಸಲಾರದು ಎಂಬ ಪ್ರಶ್ನೆಯನ್ನೆತ್ತಿ, ಅದಕ್ಕೆ ಸಿ10ಕೆ ಸಮಸ್ಯೆಯೆಂಬ ಹೆಸರು ನಿಲ್ಲುವಂತೆ ಮಾಡಿದರು.

ಉತ್ತರವು ದೊರೆತುದು ಕಾಯುವ ಕೆಲಸವನ್ನೂ ಮಾಡುವ ಕೆಲಸವನ್ನೂ ಬೇರ್ಪಡಿಸುವುದರಲ್ಲಿ. ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತ ಭಟ್ಟರು ಒಂದು ದೋಸೆಯನ್ನು ಹುಯ್ದು ಅದು ಬೇಯುವವರೆಗೆ ಅದನ್ನೇ ನೋಡುತ್ತ ನಿಲ್ಲುವುದಿಲ್ಲ. ಎಂಟೋ ಹತ್ತೋ ದೋಸೆಗಳನ್ನು ಸಾಲಾಗಿ ಹುಯ್ದು, ಯಾವುದರ ಅಂಚು ಎದ್ದಿತೋ ಅದನ್ನು ಮಡಿಸಿ ತೆಗೆದು, ತೆರವಾದ ಎಡೆಯಲ್ಲಿ ಮತ್ತೊಂದನ್ನು ಹುಯ್ಯುತ್ತಾರೆ. ಒಬ್ಬರೇ ಇಷ್ಟು ಮೇಜುಗಳಿಗೆ ಸಾಲುವುದು ಅವರ ಕೈ ಎಲ್ಲಿಯೂ ನಿಲ್ಲದೆ ಇರುವುದರಿಂದ. ಹಿಟ್ಟು ರುಬ್ಬುವುದಕ್ಕೂ ಅವರೇ ಒಳಗೆ ಹೊರಟರೆ ಕಲ್ಲಿನ ಮೇಲಿದ್ದುದೆಲ್ಲವೂ ಸೀದುಹೋಗುತ್ತದೆ. ಈವೆಂಟ್ ಲೂಪ್ ಎಂಬುದು ಇಂಥ ಒಂದೇ ಒಂದು ಥ್ರೆಡ್ಡು. ಯಾವ ಸಂಪರ್ಕದಲ್ಲಿ ಹೊಸ ಅಕ್ಷರಗಳು ಬಂದಿವೆ, ಯಾವ ಡೇಟಾಬೇಸಿನ ಉತ್ತರವು ಸಿದ್ಧವಾಗಿದೆ ಎಂಬುದನ್ನು ಆಪರೇಟಿಂಗ್ ಸಿಸ್ಟಮಿನಿಂದ ತಿಳಿದುಕೊಂಡು, ಸಿದ್ಧವಾದುದಕ್ಕೆ ಸಂಬಂಧಿಸಿದ ಚಿಕ್ಕ ತುಣುಕು ಕೆಲಸವನ್ನು ಮುಗಿಸಿ, ಕೂಡಲೇ ಮುಂದಿನದಕ್ಕೆ ಹೋಗುವುದೇ ಅದರ ಧರ್ಮ. ಹೀಗೆ ತಿಳಿಸಿಕೊಡುವ ಸೌಕರ್ಯವು ಫ್ರೀಬಿಎಸ್‌ಡಿಯಲ್ಲಿ ಕೆಕ್ಯೂ ಎಂಬ ಹೆಸರಿನಿಂದಲೂ ಲಿನಕ್ಸಿನಲ್ಲಿ ಈಪೋಲ್ ಎಂಬ ಹೆಸರಿನಿಂದಲೂ ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಬಂದಿತು. ಅದನ್ನು ಆಶ್ರಯಿಸಿ 2004ರಲ್ಲಿ ರಷ್ಯದ ಇಗೋರ್ ಸಿಸೋಯೆವ್ ಅವರ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರು ಸಾರ್ವಜನಿಕರ ಕೈಸೇರಿತು. 2009ರಲ್ಲಿ, ಇದೇ ಪದ್ಧತಿಯಲ್ಲಿ ಸರ್ವರುಗಳನ್ನು ಬರೆಯಲು ನೆರವಾಗುವ, ರಯಾನ್ ಡಾಲ್ ಅವರ ನೋಡ್.ಜೆಎಸ್ ಪ್ರಕಟವಾಯಿತು.

ನೋಡ್ ತೋರಿಸಿದ ದಾರಿಯನ್ನು ಜಾವಾ ಲೋಕಕ್ಕೆ ತರುವ ಸಂಕಲ್ಪದಿಂದ ಟಿಮ್ ಫಾಕ್ಸ್ ಎಂಬವರು 2011ರಲ್ಲಿ, ವಿಎಂವೇರ್ ಸಂಸ್ಥೆಯಲ್ಲಿದ್ದಾಗ, ಆರಂಭಿಸಿದ ಉಪಕರಣಸಂಚಯವೇ ವರ್ಟ್.ಎಕ್ಸ್. ಮೊದಲು ನೋಡ್.ಎಕ್ಸ್ ಎಂಬ ಹೆಸರನ್ನು ಹೊತ್ತಿದ್ದ ಇದು 2013ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನದ ಆಶ್ರಯವನ್ನು ಸೇರಿತು. ಈ ಅಧ್ಯಾಯಕ್ಕೆ ಇದನ್ನೇ ನಿದರ್ಶನವಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಇದನ್ನು ಕಟ್ಟಿದವರು ಇದು ಫ್ರೇಮ್‌ವರ್ಕ್ ಅಲ್ಲ, ಟೂಲ್‌ಕಿಟ್ ಎಂದು ಪಟ್ಟುಹಿಡಿದು ಹೇಳುತ್ತ ಬಂದಿದ್ದಾರೆ. ಅದು ಬರಿಯ ಮಾತಿನ ಸೊಗಸಲ್ಲ. ಫ್ರೇಮ್‌ವರ್ಕ್ ಎಂಬುದು ಪ್ರೋಗ್ರಾಮಿನ ಆಕಾರವನ್ನು ತಾನೇ ನಿಶ್ಚಯಿಸಿ, ನಮ್ಮ ಬರಹವನ್ನು ತನಗೆ ಬೇಕಾದ ಸಮಯದಲ್ಲಿ ತಾನು ಕರೆದುಕೊಳ್ಳುವಂಥದು. ಟೂಲ್‌ಕಿಟ್ಟಾದರೋ ನಾವು ಕರೆದಾಗ ಕೆಲಸ ಮಾಡಿ ಸುಮ್ಮನಾಗುವಂಥದು. ವರ್ಟ್.ಎಕ್ಸಿನ ತಿರುಳು ಒಂದು ಚಿಕ್ಕ ಕಡತ. ವೆಬ್ ಮಾರ್ಗಗಳ ನಿರ್ವಹಣೆ, ಡೇಟಾಬೇಸಿನ ಸಂಪರ್ಕ, ಭದ್ರತೆ ಇತ್ಯಾದಿಗಳೆಲ್ಲ ಬೇಕಾದವರು ಬೇಕಾದಷ್ಟನ್ನೇ ಸೇರಿಸಿಕೊಳ್ಳಬಹುದಾದ ಬಿಡಿ ಭಾಗಗಳು. ಭಾಗಗಳ ನಡುವಿನ ಸೀಮೆಗಳನ್ನು ಎಲ್ಲಿ ಎಳೆಯಬೇಕೆಂಬ ನಿರ್ಣಯವು ಆದುದರಿಂದ ಉಪಕರಣದ ಕೈಯಲ್ಲಿರದೆ ಬರೆಯುವವನ ಕೈಯಲ್ಲಿಯೇ ಉಳಿಯುತ್ತದೆ. ಸ್ವಾತಂತ್ರ್ಯವೂ ಅದೇ, ಹೊಣೆಯೂ ಅದೇ.

ವರ್ಟ್.ಎಕ್ಸಿನಲ್ಲಿ ಪ್ರೋಗ್ರಾಮಿನ ಒಂದೊಂದು ಘಟಕಕ್ಕೆ ವರ್ಟಿಕಲ್ ಎಂದು ಹೆಸರು. ಯಂತ್ರದಲ್ಲಿ ಎಷ್ಟು ಪ್ರೊಸೆಸರ್ ಕೋರುಗಳಿವೆಯೋ ಅದರ ಇಮ್ಮಡಿ ಸಂಖ್ಯೆಯ ಈವೆಂಟ್ ಲೂಪುಗಳನ್ನು ಅದು ವಾಡಿಕೆಯಾಗಿ ಇಟ್ಟುಕೊಳ್ಳುತ್ತದೆ. ಒಂದು ವರ್ಟಿಕಲ್ಲನ್ನು ಆರಂಭದಲ್ಲಿ ಯಾವ ಲೂಪಿಗೆ ಒಪ್ಪಿಸಲಾಯಿತೋ ಅದರ ಕೆಲಸಗಳೆಲ್ಲವೂ ಕೊನೆಯವರೆಗೂ ಆ ಲೂಪಿನಲ್ಲಿಯೇ ನಡೆಯುತ್ತವೆ. ಈ ಸಣ್ಣ ನಿಯಮದಿಂದ ಬರುವ ಲಾಭ ಅಪಾರ. ಇಬ್ಬರು ಒಂದೇ ಲೆಕ್ಕದ ಪುಸ್ತಕವನ್ನು ಏಕಕಾಲದಲ್ಲಿ ತಿದ್ದಿದಾಗ ಉಂಟಾಗುವ, ವರ್ಷಕ್ಕೊಮ್ಮೆ ಮಾತ್ರ ತಲೆದೋರಿ ಯಾರಿಗೂ ಸಿಕ್ಕದೆ ಮಾಯವಾಗುವ ದೋಷಗಳು ವರ್ಟಿಕಲ್ಲಿನ ಒಳಗೆ ಹುಟ್ಟಲು ಎಡೆಯೇ ಇರುವುದಿಲ್ಲ, ಏಕೆಂದರೆ ಅದರ ಪುಸ್ತಕವನ್ನು ಮುಟ್ಟುವ ಕೈ ಒಂದೇ. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಆ ಕೈಯನ್ನು ಎಂದಿಗೂ ಕಟ್ಟಿಹಾಕಬಾರದೆಂಬ ವ್ರತ. ಯಾರಾದರೂ ಮರೆತು, ಉತ್ತರ ಬರುವವರೆಗೆ ಮಿಸುಕದೆ ನಿಲ್ಲುವ ಹಳೆಯ ಬಗೆಯ ಡೇಟಾಬೇಸ್ ಕರೆಯೊಂದನ್ನು ಈವೆಂಟ್ ಲೂಪಿನೊಳಗೆ ಬರೆದರೆ, ಆ ಲೂಪಿಗೆ ಅಂಟಿಕೊಂಡ ಸಾವಿರಾರು ಗಿರಾಕಿಗಳೂ ಅದರೊಡನೆ ನಿಂತುಬಿಡುತ್ತಾರೆ. ಇದನ್ನು ಕಾಯಲು ಒಂದು ಪಹರೆಯೂ ಉಂಟು. ಲೂಪು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತದ್ದು ಕಂಡುಬಂದರೆ, ಇಂಥ ಥ್ರೆಡ್ಡು ಇಷ್ಟು ಮಿಲಿಸೆಕೆಂಡಿನಿಂದ ತಡೆದು ನಿಂತಿದೆಯೆಂಬ ಎಚ್ಚರಿಕೆಯು ಲಾಗಿನಲ್ಲಿ ಬೀಳುತ್ತದೆ. ಇನ್ನೂ ಮುಂದುವರಿದರೆ ಪ್ರೋಗ್ರಾಮಿನ ಯಾವ ಸಾಲಿನಲ್ಲಿ ನಿಂತಿದೆಯೆಂಬ ವಿವರವೂ ಜತೆಗೆ ಬರುತ್ತದೆ. ನಿಲ್ಲಲೇಬೇಕಾದ ಕೆಲಸಗಳಿಗಾಗಿ ವರ್ಕರ್ ಎಂಬ ಬೇರೆ ಥ್ರೆಡ್ಡುಗಳ ಗುಂಪನ್ನು ಪ್ರತ್ಯೇಕವಾಗಿ ಇಡಲಾಗಿದೆ. ಎರಡು ಸೆಕೆಂಡು ನಮಗೆ ಕ್ಷಣವಾದರೂ ಲೂಪಿನ ಪಾಲಿಗೆ ಅದೊಂದು ಯುಗ. ಎಚ್ಚರಿಕೆ ಬಂದ ಮೇಲೆ ತಿದ್ದಿಕೊಳ್ಳುವೆನೆನ್ನುವುದಕ್ಕಿಂತ ಬರೆಯುವಾಗಲೇ ಎಚ್ಚರವಾಗಿರುವುದು ಲೇಸು.

ಒಂದು ವರ್ಟಿಕಲ್ಲು ಮತ್ತೊಂದರ ಒಡಲಿಗೆ ಕೈಹಾಕಬಾರದೆಂದ ಮೇಲೆ ಅವು ಮಾತಾಡುವುದು ಹೇಗೆ? ಇಲ್ಲಿ ಬರುವುದು ಈವೆಂಟ್ ಬಸ್ ಎಂಬ ಸಂದೇಶವಾಹಕ. ದೂರಪ್ರಯಾಣದ ಬಸ್ಸುಗಳಲ್ಲಿ ಸೀಟು ಕಾದಿರಿಸುವ ಒಂದು ಸರ್ವರನ್ನು ಊಹಿಸಿಕೊಳ್ಳೋಣ. ಗಿರಾಕಿಯ ಮೊಬೈಲಿನಿಂದ ಬಂದ ಕೋರಿಕೆಯನ್ನು ಸ್ವೀಕರಿಸುವ ವರ್ಟಿಕಲ್ ಒಂದು, ಸೀಟುಗಳ ಲೆಕ್ಕವಿಡುವುದು ಒಂದು, ದರವನ್ನು ನಿರ್ಣಯಿಸುವುದು ಒಂದು, ಟಿಕೆಟ್ಟಿನ ಪಿಡಿಎಫ್ ತಯಾರಿಸುವುದು ಮತ್ತೊಂದು. ಮೊದಲನೆಯದು 'ಸೀಟು.ಕಾದಿರಿಸು' ಎಂಬ ವಿಳಾಸಕ್ಕೆ, ಬಸ್ಸಿನ ಸಂಖ್ಯೆ, ದಿನಾಂಕ, ಸೀಟಿನ ಸಂಖ್ಯೆ ಇವಿಷ್ಟನ್ನೊಳಗೊಂಡ ಜೆಸಾನ್ ಎಂಬ ಪಠ್ಯರೂಪದ ಒಂದು ಚೀಟಿಯನ್ನು ಕಳುಹಿಸುತ್ತದೆ. ಆ ವಿಳಾಸದಲ್ಲಿ ಯಾರಿದ್ದಾರೆ, ಒಬ್ಬರೋ ಮೂವರೋ, ಜಾವಾದಲ್ಲಿ ಬರೆಯಲ್ಪಟ್ಟವರೋ ಕಾಟ್ಲಿನ್‌ನಲ್ಲಿ ಬರೆಯಲ್ಪಟ್ಟವರೋ ಎಂಬುದು ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಒಂದೇ ವಿಳಾಸದಲ್ಲಿ ಹಲವರು ಕಿವಿಗೊಟ್ಟಿದ್ದರೆ ಈವೆಂಟ್ ಬಸ್ಸು ಸರದಿಯಂತೆ ಒಬ್ಬರಿಗೆ ಒಪ್ಪಿಸುತ್ತದೆ. ಗಮನಿಸಬೇಕಾದ ಸೂಕ್ಷ್ಮವೊಂದುಂಟು: ಕಳುಹಿಸುವವನೂ ಪಡೆಯುವವನೂ ಒಂದೇ ಪ್ರೋಗ್ರಾಮಿನೊಳಗೆ ಇದ್ದರೂ ಜೆಸಾನ್ ಚೀಟಿಯ ನಕಲು ಹೋಗುತ್ತದೆಯೇ ಹೊರತು ಮೂಲವಲ್ಲ. ಕಳುಹಿಸಿದ ಮೇಲೆ ಕಳುಹಿಸಿದವನು ತನ್ನ ಪ್ರತಿಯನ್ನು ಏನು ಮಾಡಿಕೊಂಡರೂ ಪಡೆದವನಿಗೆ ಬಾಧಕವಿಲ್ಲ. ಏನನ್ನೂ ಹಂಚಿಕೊಳ್ಳದೆ ಸಂದೇಶಗಳ ಮೂಲಕ ಮಾತ್ರ ವ್ಯವಹರಿಸುವ ಈ ಶೀಲವು ಹೊಸದಲ್ಲ. 1973ರಲ್ಲಿ ಕಾರ್ಲ್ ಹೆವಿಟ್ ಮತ್ತು ಸಂಗಡಿಗರು ಪ್ರತಿಪಾದಿಸಿದ ಆಕ್ಟರ್ ಮಾದರಿಯಲ್ಲಿಯೂ, ಎರಿಕ್ಸನ್ ಸಂಸ್ಥೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಕಟ್ಟಿದ ಎರ್ಲಾಂಗ್ ಭಾಷೆಯಲ್ಲಿಯೂ ಅದು ಪ್ರತಿಷ್ಠಿತವಾಗಿತ್ತು.

ವಿಳಾಸವೊಂದೇ ತಿಳಿದಿದ್ದರೆ ಸಾಕೆಂಬುದರಿಂದ, ದರವನ್ನು ನಿರ್ಣಯಿಸುವ ವರ್ಟಿಕಲ್ಲನ್ನು ಇಂದು ಇದೇ ಪ್ರೋಗ್ರಾಮಿನಲ್ಲಿಟ್ಟು ನಾಳೆ ಬೇರೆ ಯಂತ್ರಕ್ಕೆ ಸಾಗಿಸಿದರೂ, ಹಲವು ಯಂತ್ರಗಳನ್ನು ಬೆಸೆಯುವ ಕ್ಲಸ್ಟರಿನ ಏರ್ಪಾಡನ್ನು ಸೇರಿಸಿಕೊಂಡರಾಯಿತು, ಕಳುಹಿಸುವವನ ಬರಹದಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಾಗಿಲ್ಲ. ಇದೇ ಈ ಉಪಕರಣದ ಮೋಹಕತೆ. ಇದೇ ಇದರ ಅಪಾಯವೂ ಹೌದೆಂದು ನಾನು ನಂಬಿದ್ದೇನೆ. 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಿಮ್ ವಾಲ್ಡೋ ಮತ್ತು ಮೂವರು ಸಹಲೇಖಕರು ಬರೆದ ಒಂದು ಪ್ರಬಂಧವು, ಹತ್ತಿರದ ವಸ್ತುವನ್ನೂ ದೂರದ ವಸ್ತುವನ್ನೂ ಒಂದೇ ಎಂಬಂತೆ ಕಾಣಿಸುವ ಪ್ರಯತ್ನಗಳು ಏಕೆ ಮುರಿದುಬೀಳುವುವೆಂಬುದನ್ನು ವಿವರವಾಗಿ ತೋರಿಸಿಕೊಟ್ಟಿತು. ಕಾಲವಿಳಂಬವನ್ನು ಹೇಗೋ ಸಹಿಸಬಹುದು. ಸಹಿಸಲಾಗದ ಭೇದವೆಂದರೆ, ಒಂದೇ ಯಂತ್ರದೊಳಗೆ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಹಲವು ಯಂತ್ರಗಳಲ್ಲಾದರೆ ಒಂದು ಸತ್ತು ಉಳಿದವು ಬದುಕಿರುತ್ತವೆ, ಮತ್ತು ಸತ್ತುದು ಯಾವುದೆಂಬುದು ಬದುಕಿರುವವಕ್ಕೆ ನಿಶ್ಚಯವಾಗಿ ತಿಳಿಯುವುದಿಲ್ಲ.

ವರ್ಟ್.ಎಕ್ಸ್ ಈ ಸತ್ಯವನ್ನು ಮುಚ್ಚಿಡುವುದಿಲ್ಲವೆಂಬುದನ್ನು ಮೆಚ್ಚಿಯೇ ಹೇಳಬೇಕು. ಉತ್ತರವನ್ನು ನಿರೀಕ್ಷಿಸಿ ಕಳುಹಿಸಿದ ಸಂದೇಶವು ವಿಫಲವಾದರೆ ಅದು ಮುಖ್ಯವಾಗಿ ಈ ಮೂರರಲ್ಲಿ ಯಾವ ಬಗೆಯಲ್ಲಿ ವಿಫಲವಾಯಿತೆಂದು ತಿಳಿಸುತ್ತದೆ: ಆ ವಿಳಾಸದಲ್ಲಿ ಯಾರೂ ಇಲ್ಲ, ಇದ್ದವನು ಇಂಥ ಕಾರಣಕ್ಕೆ ಆಗದೆಂದನು, ಗೊತ್ತುಪಡಿಸಿದ ಕಾಲದೊಳಗೆ, ಬೇರೇನೂ ಹೇಳದಿದ್ದರೆ 30 ಸೆಕೆಂಡಿನೊಳಗೆ, ಉತ್ತರ ಬರಲಿಲ್ಲ. ಮೊದಲೆರಡರಲ್ಲಿ ಗೊಂದಲವಿಲ್ಲ. ಮೂರನೆಯದು ಕಂಟಕ. ಕೋರಿಕೆಯೇ ದಾರಿಯಲ್ಲಿ ಕಳೆದುಹೋಗಿ 14ನೆಯ ಸೀಟು ಇನ್ನೂ ಖಾಲಿಯಾಗಿಯೇ ಇರಬಹುದು. ಅಥವಾ ಸೀಟು ಕಾದಿರಿಸಲ್ಪಟ್ಟು, ಆಯಿತೆಂಬ ಉತ್ತರವು ಮಾತ್ರ ಕಳೆದುಹೋಗಿರಬಹುದು. ಕಾಯುತ್ತಿರುವವನಿಗೆ ಎರಡೂ ಒಂದೇ ಮೌನವಾಗಿ ಕೇಳಿಸುತ್ತವೆ. ಆಗ ಮತ್ತೊಮ್ಮೆ ಕಳುಹಿಸಿದರೆ, ತಾನೇ ಹಿಡಿದ ಸೀಟನ್ನು ಕೇಳಿ 'ಖಾಲಿಯಿಲ್ಲ' ಎಂಬ ಉತ್ತರವನ್ನು ಪಡೆದು ಗಿರಾಕಿಯನ್ನು ವೃಥಾ ಹಿಂದಿರುಗಿಸುವ, ಹಣದ ವಿಷಯವಾದರೆ ಎರಡು ಸಲ ಹಣ ಕಡಿತವಾಗುವ ವಿಪತ್ತು. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳವಾದುದು: ಪ್ರತಿ ಕೋರಿಕೆಗೂ ಕಳುಹಿಸುವವನೇ ಒಂದು ಅನನ್ಯವಾದ ಸಂಖ್ಯೆಯನ್ನು ಕೊಡುತ್ತಾನೆ, ಸೀಟಿನ ಲೆಕ್ಕವಿಡುವವನು ಆ ಸಂಖ್ಯೆಯನ್ನೂ ಸೀಟನ್ನೂ ಒಟ್ಟಿಗೆ ಬರೆದಿಟ್ಟುಕೊಂಡು, ಅದೇ ಸಂಖ್ಯೆ ಮತ್ತೊಮ್ಮೆ ಬಂದರೆ ಹೊಸದಾಗಿ ಏನನ್ನೂ ಮಾಡದೆ ಹಿಂದೆ ಕೊಟ್ಟ ಉತ್ತರವನ್ನೇ ಪುನಃ ಕೊಡುತ್ತಾನೆ. ಈ ವಿಧಾನವನ್ನು ಯಾವ ಉಪಕರಣವೂ ತಾನಾಗಿ ಒದಗಿಸಲಾರದು, ಏಕೆಂದರೆ ಯಾವ ಎರಡು ಕೋರಿಕೆಗಳು ನಿಜವಾಗಿ ಒಂದೇ ಎಂಬುದು ವ್ಯವಹಾರವನ್ನು ಬಲ್ಲವನಿಗೆ ಮಾತ್ರ ತಿಳಿದ ವಿಷಯ.

ಹಾಗಾದರೆ ಭಾಗಗಳನ್ನು ಯಾವ ನ್ಯಾಯದಿಂದ ಬೇರ್ಪಡಿಸಬೇಕು? ಈ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಅತ್ಯುತ್ತಮವಾದ ಉತ್ತರವು, ಮುಂದೆ ವಿವರಿಸಲಿರುವ ಮೈಕ್ರೋಸರ್ವಿಸ್ ಎಂಬ ಮಾತು ಹುಟ್ಟುವುದಕ್ಕೆ ನಾಲ್ಕು ದಶಕಗಳಷ್ಟು ಹಿಂದೆಯೇ ಬಂದುದು. 1972ರ ಡಿಸೆಂಬರಿನಲ್ಲಿ, ಆಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿದ್ದ ಡೇವಿಡ್ ಪಾರ್ನಸ್ ಪ್ರಕಟಿಸಿದ ಪ್ರಬಂಧವೊಂದು ತೀರ ಸಾಧಾರಣವಾದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳುತ್ತದೆ. ಹಲವು ಸಾಲುಗಳಿವೆ, ಪ್ರತಿ ಸಾಲಿನ ಮೊದಲ ಪದವನ್ನು ಕೊನೆಗೆ ಸಾಗಿಸುತ್ತ ಹೋದರೆ ಸಾಲಿನಲ್ಲಿ ಎಷ್ಟು ಪದಗಳೋ ಅಷ್ಟು ರೂಪಗಳು ಸಿಕ್ಕುತ್ತವೆ, ಅವೆಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಅಚ್ಚುಮಾಡಬೇಕು. ಯಾರೇ ಆದರೂ ಮೊದಲು ಯೋಚಿಸುವ ವಿಭಾಗವೆಂದರೆ ಕೆಲಸದ ಹಂತಗಳನ್ನು ಅನುಸರಿಸುವುದು: ಓದುವುದು ಒಂದು ಭಾಗ, ಪದಗಳನ್ನು ತಿರುಗಿಸುವುದು ಒಂದು, ಅನುಕ್ರಮಗೊಳಿಸುವುದು ಒಂದು, ಅಚ್ಚುಮಾಡುವುದು ಮತ್ತೊಂದು, ಇವೆಲ್ಲವನ್ನೂ ನಡೆಸುವ ಯಜಮಾನ ಭಾಗ ಇನ್ನೊಂದು. ನೋಡಲು ಅಚ್ಚುಕಟ್ಟಾದ ಈ ವಿಭಾಗದಲ್ಲಿ ಪಾರ್ನಸ್ ಕಂಡ ಕೊರತೆಯೆಂದರೆ, ಅಕ್ಷರಗಳನ್ನು ಮೆಮೊರಿಯ ಒಂದೊಂದು ಕೋಶದಲ್ಲಿ ನಾಲ್ಕರಂತೆ ತುಂಬಲಾಗಿದೆಯೆಂಬ ಸಂಗತಿಯು ಎಲ್ಲ ಭಾಗಗಳಿಗೂ ತಿಳಿದಿರಬೇಕಾಗುವುದು. ನಾಳೆ ಆ ಏರ್ಪಾಡು ಬದಲಾದರೆ ಎಲ್ಲವನ್ನೂ ತಿದ್ದಬೇಕು. ಅದರ ಬದಲು, ಮುಂದೆ ಬದಲಾಗಬಹುದಾದ ನಿರ್ಣಯಗಳು ಯಾವುವೆಂದು ಮೊದಲು ಪಟ್ಟಿಮಾಡಿ, ಒಂದೊಂದು ನಿರ್ಣಯವನ್ನೂ ಒಂದೊಂದು ಭಾಗದ ಗುಟ್ಟಾಗಿ ಬಚ್ಚಿಟ್ಟು ವಿಭಾಗಿಸಿದರೆ, ಬದಲಾವಣೆಯು ಆ ಒಂದು ಗೋಡೆಯೊಳಗೇ ಮುಗಿಯುತ್ತದೆಂದು ಅವರು ತೋರಿಸಿದರು. ಅವರ ಆ ಪುಟಗಳನ್ನು ಓದಿದಾಗಲೆಲ್ಲ, ಇಷ್ಟು ಸಣ್ಣ ಉದಾಹರಣೆಯಿಂದ ಇಷ್ಟು ದೊಡ್ಡ ತತ್ತ್ವವನ್ನು ಹಿಂಡಿ ತೆಗೆದ ಬುದ್ಧಿಗೆ ತಲೆಬಾಗಬೇಕೆನಿಸುತ್ತದೆ.

ನಮ್ಮ ಬಸ್ಸಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ, ದರವನ್ನು ನಿರ್ಣಯಿಸುವ ಭಾಗವು ಪ್ರತ್ಯೇಕವಾಗಿರಬೇಕಾದುದು ದರವು ಬೇರೆ ಹಂತದಲ್ಲಿ ಲೆಕ್ಕವಾಗುತ್ತದೆಂಬುದರಿಂದಲ್ಲ. ಹಬ್ಬದ ದಿನಗಳ ಹೆಚ್ಚುವರಿ ದರ, ಹಿರಿಯ ನಾಗರಿಕರ ರಿಯಾಯಿತಿ, ಹಿಂದಿರುಗುವ ಪ್ರಯಾಣದ ಸೋಡಿ ಇವು ಪದೇ ಪದೇ ಬದಲಾಗುತ್ತವೆಂಬುದರಿಂದ. ಈ ನಿಯಮಗಳಲ್ಲಿ ಯಾವುದೊಂದೂ ಸೀಟಿನ ಭಾಗಕ್ಕೆ ತಿಳಿದಿರಬಾರದು. ಹಾಗೆ ತಿಳಿದುಬಿಟ್ಟಿದ್ದರೆ, ಎರಡನ್ನೂ ಭೂಮಿಯ ಎರಡು ತುದಿಗಳಲ್ಲಿರುವ ಯಂತ್ರಗಳಲ್ಲಿ ಇಟ್ಟರೂ ಅವು ಬೇರೆಯಾದವೆಂದು ಹೇಳಲಾಗದು.

ಇನ್ನು ಮೈಕ್ರೋಸರ್ವಿಸ್ಸಿನ ಮಾತು. 2011ರ ಮೇ ತಿಂಗಳಲ್ಲಿ ವೆನಿಸ್ ನಗರದ ಸಮೀಪದಲ್ಲಿ ಸೇರಿದ್ದ ಸಾಫ್ಟ್‌ವೇರ್ ಶಿಲ್ಪಿಗಳ ಗೋಷ್ಠಿಯೊಂದರಲ್ಲಿ ಚರ್ಚೆಗೆ ಬಂದು, ಮರುವರ್ಷ ಅದೇ ಬಳಗದಿಂದ ಅಂಗೀಕೃತವಾದ ಮೈಕ್ರೋಸರ್ವಿಸ್ ಎಂಬ ಹೆಸರು, 2014ರ ಮಾರ್ಚಿನಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಲೋಕಪ್ರಸಿದ್ಧವಾಯಿತು. ಪ್ರತಿಯೊಂದು ಸೇವೆಯೂ ತನ್ನದೇ ಪ್ರೋಗ್ರಾಮಾಗಿ, ತನ್ನದೇ ಡೇಟಾಬೇಸನ್ನು ಹೊಂದಿ, ಉಳಿದವನ್ನು ಕೇಳದೆ ತನ್ನ ಹೊಸ ಆವೃತ್ತಿಯನ್ನು ಹೊರತರಬಲ್ಲದ್ದಾಗಿರಬೇಕೆಂಬುದು ಅದರ ಸಾರ. ದೊಡ್ಡ ಸಂಸ್ಥೆಗಳಿಗೆ ಇದರಿಂದ ನಿಜವಾದ ಉಪಕಾರವಾಗಿದೆ. 1968ರಲ್ಲಿಯೇ ಮೆಲ್ವಿನ್ ಕಾನ್‌ವೇ, ಒಂದು ಸಂಸ್ಥೆಯು ರಚಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಜನರ ಮಾತುಕತೆಯ ರಚನೆಯನ್ನೇ ಹೋಲುತ್ತದೆಂದು ಬರೆದಿದ್ದರು. ನೂರಾರು ಮಂದಿ ದುಡಿಯುವಲ್ಲಿ ಒಂದೊಂದು ತಂಡಕ್ಕೆ ಒಂದೊಂದು ಸೇವೆಯೆಂದು ಹಂಚಿಕೊಡುವುದು ಆ ಮಾತನ್ನು ಅರಿತು ನಡೆದಂತೆ. ಆದರೆ ಐದು ಮಂದಿಯ ತಂಡವು ಇಪ್ಪತ್ತು ಸೇವೆಗಳನ್ನು ಕಟ್ಟಿಕೊಂಡಾಗ ಲಾಭವು ಎಲ್ಲಿಂದ ಬರಬೇಕೆಂಬುದು ನನಗೆ ಈವರೆಗೂ ಕಾಣದು. ನಷ್ಟವನ್ನಾದರೋ ಲೆಕ್ಕಹಾಕಿಯೇ ತೋರಿಸಬಹುದು. ಒಂದು ಸೇವೆಯು ನೂರಕ್ಕೆ 99.9ರಷ್ಟು ಕಾಲ ಸರಿಯಾಗಿ ನಡೆಯುವುದೆಂದರೆ ವರ್ಷಕ್ಕೆ ಸುಮಾರು 9 ಗಂಟೆ ನಿಂತಿರುತ್ತದೆ. ಒಂದು ಟಿಕೆಟ್ಟಿಗೆ, ಒಂದಕ್ಕೊಂದು ಸಂಬಂಧವಿಲ್ಲದೆ ಕೆಡಬಲ್ಲ ಇಂಥ ಹತ್ತು ಸೇವೆಗಳೆಲ್ಲವೂ ನೆಟ್ಟಗಿರಬೇಕಾದರೆ, ನಿಲುಗಡೆಯು ವರ್ಷಕ್ಕೆ ಸುಮಾರು 87 ಗಂಟೆಗೆ ಏರುತ್ತದೆ. ವಿಳಂಬದ ಕಥೆಯೂ ಹೀಗೆಯೇ: ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡಮಾಡುವ ಯಂತ್ರಗಳು ನೂರಿದ್ದು, ನೂರರ ಉತ್ತರವೂ ಬೇಕೆಂದಾದರೆ, ನೂರಕ್ಕೆ 63 ಮಂದಿ ಗಿರಾಕಿಗಳು ಸೆಕೆಂಡಿಗಿಂತ ಹೆಚ್ಚು ಕಾಯುವರೆಂದು ಗೂಗಲಿನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ತೋರಿಸಿದ್ದಾರೆ.

ಡೇಟಾಬೇಸನ್ನು ಸೇವೆಗಳ ನಡುವೆ ಹಂಚಿದಾಗ ಇನ್ನೊಂದು ಕಷ್ಟ. ಒಂದೇ ಡೇಟಾಬೇಸಿನಲ್ಲಿ ಸೀಟನ್ನು ಹಿಡಿಯುವುದನ್ನೂ ಹಣದ ನಮೂದನ್ನೂ ಒಂದೇ ವ್ಯವಹಾರವಾಗಿ ಕಟ್ಟಿ, ಆಗುವುದಾದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದೆಂದು ಆಜ್ಞಾಪಿಸಬಹುದು. ಎರಡಾದ ಮೇಲೆ ಆ ಅಭಯವು ಸುಲಭವಾಗಿ ಸಿಕ್ಕದು. ಆಗ ಸಾಮಾನ್ಯವಾಗಿ ಆಶ್ರಯಿಸುವುದು 1987ರಲ್ಲಿ ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ ವಿವರಿಸಿದ ಸಾಗಾ ಎಂಬ ಕ್ರಮವನ್ನು. ಮುಂದಿಟ್ಟ ಒಂದೊಂದು ಹೆಜ್ಜೆಗೂ ಅದನ್ನು ಸರಿದೂಗಿಸುವ ಮತ್ತೊಂದು ಹೆಜ್ಜೆಯನ್ನು ಮೊದಲೇ ಬರೆದಿಟ್ಟು, ನಡುವೆ ಮುರಿದುಬಿದ್ದರೆ ಹಿಡಿದ ಸೀಟನ್ನು ಬಿಟ್ಟು, ಪಡೆದ ಹಣವನ್ನು ಹಿಂದಿರುಗಿಸುವುದು.

2023ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ಡುಗಳೆಂಬ ಅತಿ ಹಗುರವಾದ ಥ್ರೆಡ್ಡುಗಳು ಸೇರಿದುದರಿಂದ, ಲಕ್ಷಾಂತರ ಗಿರಾಕಿಗಳಿಗೆ ಒಂದೊಂದು ಥ್ರೆಡ್ಡನ್ನು ಕೊಡುವ ಹಳೆಯ ಸುಲಭ ರೀತಿಯೇ ಮತ್ತೆ ಸಾಧ್ಯವಾಗಿದೆ, ವರ್ಟ್.ಎಕ್ಸ್ ಕೂಡ ಅವನ್ನು ಒಳಗೆ ಬರಮಾಡಿಕೊಂಡಿದೆ. ಹತ್ತು ಸಾವಿರ ಸಂಪರ್ಕಗಳ ಸಲುವಾಗಿಯೇ ಇಂಥ ಉಪಕರಣವನ್ನು ಆಶ್ರಯಿಸಿದವರಿಗೆ ಆ ಕಾರಣವು ಇನ್ನು ಮೊದಲಿನಷ್ಟು ಬಲವಾಗಿ ಉಳಿದಿಲ್ಲ. ಭಾಗಗಳು ವಿಳಾಸದ ಮೂಲಕ, ನಕಲು ಚೀಟಿಗಳ ಮೂಲಕ, ಉತ್ತರವು ಬಾರದೆ ಇರಬಹುದೆಂಬ ತಿಳಿವಳಿಕೆಯೊಡನೆ ಮಾತಾಡುವ ಶಿಸ್ತಿಗೆ ಮಾತ್ರ ಇದರಿಂದ ಯಾವ ಕುಂದೂ ಬಂದಿಲ್ಲ. ಬಸ್ಸಿನ ಸೀಟುಗಳ ಸರ್ವರನ್ನು ಇಂದು ಕಟ್ಟಹೊರಟ ಒಂದು ಚಿಕ್ಕ ತಂಡವು ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ನಾಲ್ಕೂ ವರ್ಟಿಕಲ್ಲುಗಳನ್ನು ಒಂದೇ ಪ್ರೋಗ್ರಾಮಿನಲ್ಲಿ, ಆದರೆ ಒಂದರ ಗುಟ್ಟು ಮತ್ತೊಂದಕ್ಕೆ ತಿಳಿಯದಂತೆ, ಬರೆಯಲೆಂದು ಹೇಳುವೆನು. ಪ್ರೊಸೆಸರನ್ನು ಅತಿಯಾಗಿ ಬೇಡುವ, ಒಂದು ನಿಮಿಷ ತಡವಾದರೂ ಯಾರಿಗೂ ಹಾನಿಯಿಲ್ಲದ, ಎರಡು ಸಲ ಮಾಡಿದರೂ ದೋಷವಿಲ್ಲದ ಪಿಡಿಎಫ್ ತಯಾರಿಕೆಯನ್ನು, ಗಿರಾಕಿಗಳ ಸಂಖ್ಯೆ ಏರಿದಾಗ ಮೊದಲು ಬೇರೆ ಯಂತ್ರಕ್ಕೆ ಸಾಗಿಸಬಹುದು. ದರದ ಭಾಗಕ್ಕೆ ಪ್ರತ್ಯೇಕ ತಂಡವೇ ಏರ್ಪಟ್ಟ ದಿನ ಅದನ್ನು ಸಾಗಿಸುವ ಮಾತು. ಸೀಟಿನ ಲೆಕ್ಕವನ್ನೂ ಹಣದ ಲೆಕ್ಕವನ್ನೂ ಒಂದೇ ಡೇಟಾಬೇಸಿನಲ್ಲಿ, ಒಂದೇ ವ್ಯವಹಾರದ ರಕ್ಷಣೆಯಲ್ಲಿ, ಎಷ್ಟು ಕಾಲ ಇಟ್ಟುಕೊಳ್ಳಲು ಸಾಧ್ಯವೋ ಅಷ್ಟು ಕಾಲ ಅಲುಗಿಸದೆ ಇಟ್ಟುಕೊಳ್ಳತಕ್ಕದ್ದು.